ಖಾಲಿ ಪೀಪಾಯಿ ಯಾರದ್ದು? ಬಿಯರ್ ಕೆಗ್‌ನ ಬಾಡಿಗೆ ಮತ್ತು ಖರೀದಿಯ ಕಥೆ

ಮದುವೆ ಮುಗಿದ ಮರುದಿನ ಬೆಳಿಗ್ಗೆ ಮನೆಯಲ್ಲಿ ನಡೆಯುವ ದೊಡ್ಡ ಕೆಲಸ ಪಾತ್ರೆ ಎಣಿಸುವುದು. ಬಾಡಿಗೆಗೆ ತಂದ ಕೊಳಗ, ಬಕೆಟ್ಟು, ಸೌಟು, ಲೋಟ ಎಲ್ಲ ಅಂಗಳದಲ್ಲಿ ಹರಡಿರುತ್ತವೆ. ಪಾತ್ರೆ ಅಂಗಡಿಯ ಚೀಟಿ ಹಿಡಿದು ಒಬ್ಬರು ಓದುತ್ತಾರೆ, ಇನ್ನೊಬ್ಬರು ಎಣಿಸುತ್ತಾರೆ. ಎರಡು ಸೌಟು ಕಡಿಮೆ ಬಂದರೆ ಅಡುಗೆಯವರ ಕಡೆ ಬೆರಳು, ಅಡುಗೆಯವರು ಬಡಿಸಿದವರ ಕಡೆ ಬೆರಳು. ಕೊನೆಗೆ ದುಡ್ಡು ಕಟ್ಟುವುದು ಮದುವೆ ಮನೆಯವರೇ.

ಇದೇ ಎಣಿಕೆ, ಇದೇ ಜಗಳ ಬಿಯರ್ ವ್ಯಾಪಾರದಲ್ಲಿ ನೂರಾರು ವರ್ಷದಿಂದ ನಡೆದಿದೆ. ಅಲ್ಲಿ ಸೌಟಿನ ಬದಲು ಪೀಪಾಯಿ. ಈಗಿನವರು ಅದನ್ನು ಕೆಗ್ ಅನ್ನುತ್ತಾರೆ. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಸಣ್ಣದೊಂದು ಬ್ರೂವರಿ ತೆರೆಯುವವರು ಮೊದಲ ವರ್ಷವೇ ಒಂದು ಪ್ರಶ್ನೆಗೆ ಉತ್ತರ ಹುಡುಕಬೇಕು: ಕೆಗ್‌ಗಳನ್ನು ಕೊಳ್ಳುವುದೋ, ಬಾಡಿಗೆಗೆ ತರುವುದೋ? ತಪ್ಪು ಉತ್ತರ ಹಿಡಿದು, ಬಿಯರ್ ಚೆನ್ನಾಗಿದ್ದರೂ ಕೈಯಲ್ಲಿ ಕಾಸಿಲ್ಲದೆ ಒದ್ದಾಡುವವರಿದ್ದಾರೆ.

ನಮಗೆ ಈ ವಿಷಯ ತಲೆಗೆ ಹತ್ತಿದ್ದು ನಮ್ಮ ಹೋಬಳಿಯ ಹುಡುಗನೊಬ್ಬನಿಂದ. ಬೆಂಗಳೂರಿನ ಮೈಕ್ರೋಬ್ರೂವರಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಜಾತ್ರೆಗೆ ಊರಿಗೆ ಬಂದಾಗ ಮೊಬೈಲಿನಲ್ಲಿ ಸ್ಟೀಲ್ ಪೀಪಾಯಿಯ ಫೋಟೋ ತೋರಿಸಿ, "ಅಣ್ಣ, ಒಳಗಿನ ಬಿಯರ್‌ಗಿಂತ ಈ ಡಬ್ಬದ ಚಿಂತೆಯೇ ಜಾಸ್ತಿ" ಎಂದ. ನಾವು ಆಗ ನಕ್ಕೆವು. ಆಮೇಲೆ ಓದುತ್ತಾ ಹೋದಾಗ ಅವನು ಹೇಳಿದ್ದು ಸುಳ್ಳಲ್ಲ ಅನ್ನಿಸಿತು. ಕುಡಿತದಿಂದ ಹಾಳಾದ ಮನೆಗಳನ್ನು ನಾವೂ ಕಂಡಿದ್ದೇವೆ, ಆ ಬಗ್ಗೆ ಇಲ್ಲೇ ಬರೆದೂ ಇದ್ದೇವೆ. ಇವತ್ತಿನ ಬರಹ ಮದ್ಯದ್ದಲ್ಲ, ಪಾತ್ರೆಯದು.

ಮರದ ಕಾಲದಿಂದ ಶುರು ಮಾಡೋಣ. ಇಂಗ್ಲೆಂಡಿನಲ್ಲಿ ಬಿಯರ್ ತುಂಬುತ್ತಿದ್ದದ್ದು ಓಕ್ ಮರದ ಪೀಪಾಯಿಗೆ. ನಮ್ಮಲ್ಲಿ ಸೇರು, ಪಾವು, ಕೊಳಗ ಇದ್ದ ಹಾಗೆ ಅವರಲ್ಲೂ ಅಳತೆಗೊಂದು ಹೆಸರು. 9 ಗ್ಯಾಲನ್‌ನದು ಫರ್ಕಿನ್, 18 ಗ್ಯಾಲನ್‌ನದು ಕಿಲ್ಡರ್ಕಿನ್, 36ರದು ಬ್ಯಾರೆಲ್, 54ರದು ಹಾಗ್ಸ್‌ಹೆಡ್. ಹಾಗ್ಸ್‌ಹೆಡ್ ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 245 ಲೀಟರ್. ಮರದ ಪಟ್ಟಿಗಳನ್ನು ಬಗ್ಗಿಸಿ, ಕಬ್ಬಿಣದ ಬಳೆ ಬಿಗಿದು, ಒಂದು ಹನಿ ಸೋರದ ಹಾಗೆ ಪೀಪಾಯಿ ಕಟ್ಟುವವರಿಗೆ ಕೂಪರ್ ಎಂದು ಹೆಸರು. ದೊಡ್ಡ ಬ್ರೂವರಿಗಳು ಕೂಪರ್‌ಗಳನ್ನು ಸಂಬಳಕ್ಕಿಟ್ಟುಕೊಂಡಿದ್ದವು. ಪೀಪಾಯಿಯ ಮುಖಕ್ಕೆ ಕಾದ ಕಬ್ಬಿಣದಿಂದ ಕಂಪನಿಯ ಹೆಸರು ಸುಟ್ಟು ಬರೆಯುತ್ತಿದ್ದರು. ನಮ್ಮ ಅಜ್ಜಿಯರು ತಂಬಿಗೆಯ ಮೇಲೆ ಹೆಸರು ಕೆತ್ತಿಸುತ್ತಿದ್ದರಲ್ಲ, ಅದೇ ಉದ್ದೇಶ.

ಆಗ ಬಾಡಿಗೆಯ ಪ್ರಶ್ನೆ ಅಷ್ಟಾಗಿ ಏಳಲಿಲ್ಲ. ಪೀಪಾಯಿ ಬ್ರೂವರಿಯದ್ದೇ. ಅದಕ್ಕೆ ಕಾರಣವೂ ಇತ್ತು. 19ನೇ ಶತಮಾನದ ಕೊನೆಗೆ ಇಂಗ್ಲೆಂಡಿನ ದೊಡ್ಡ ಬ್ರೂವರಿಗಳು ಪಬ್‌ಗಳನ್ನೇ ಕೊಂಡುಕೊಳ್ಳತೊಡಗಿದವು. ಆ ಪಬ್‌ನಲ್ಲಿ ಒಡೆಯ ಕಂಪನಿಯ ಬಿಯರನ್ನೇ ಮಾರಬೇಕು. ಹೀಗೆ ಕಟ್ಟಿಹಾಕಿದ ಪಬ್‌ಗಳಿಗೆ ಟೈಡ್ ಹೌಸ್ ಎನ್ನುತ್ತಿದ್ದರು. ಕುದುರೆ ಗಾಡಿ ತುಂಬಿದ ಪೀಪಾಯಿ ಇಳಿಸಿ, ಖಾಲಿಯಾದದ್ದನ್ನು ಅದೇ ಗಾಡಿಯಲ್ಲಿ ಹೇರಿಕೊಂಡು ಬರುತ್ತಿತ್ತು. ಬ್ರೂವರಿಯೂ ಅವರದೇ, ಗಾಡಿಯೂ ಅವರದೇ, ಪಬ್ಬೂ ಅವರದೇ. ಪೀಪಾಯಿ ಕಳೆದುಹೋಗುವುದಾದರೂ ಎಲ್ಲಿಗೆ?

ಈ ಪೀಪಾಯಿಗಳು ನಮ್ಮ ಕಡೆಯ ರಸ್ತೆಗಳಲ್ಲೂ ಓಡಾಡಿವೆ. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನ ವ್ಯಕ್ತಿ ದಕ್ಷಿಣ ಭಾರತದ ಐದು ಸಣ್ಣ ಬ್ರೂವರಿಗಳನ್ನು ಸೇರಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಮೊದಲ ದಿನಗಳಲ್ಲಿ ಆ ಕಂಪನಿಯ ಬಿಯರ್ ಬ್ರಿಟಿಷ್ ಸೈನಿಕರಿಗೆ ಹೋಗುತ್ತಿದ್ದದ್ದು ಹಾಗ್ಸ್‌ಹೆಡ್‌ಗಳಲ್ಲಿ, ಎತ್ತಿನ ಗಾಡಿಯ ಮೇಲೆ. 245 ಲೀಟರಿನ ಮರದ ಪೀಪಾಯಿಯನ್ನು ಗಾಡಿಗೆ ಹೇರಿದವರ, ಇಳಿಸಿದವರ ಬೆನ್ನು ಏನಾಗಿರಬೇಡ.

ಅಮೆರಿಕದ ದಾರಿ ಬೇರೆಯಾಯಿತು. 1920ರಿಂದ 1933ರವರೆಗೆ ಅಲ್ಲಿ ಪಾನನಿಷೇಧ ಇತ್ತು. ಅದು ಬರುವ ಮುಂಚೆ ಅಲ್ಲಿಯ ಬ್ರೂವರಿಗಳೂ ಇಂಗ್ಲೆಂಡಿನವರಂತೆ ಹೆಂಡದಂಗಡಿಗಳನ್ನು ಹಿಡಿತದಲ್ಲಿ ಇಟ್ಟುಕೊಂಡಿದ್ದವು. ಜನ ವಿಪರೀತ ಕುಡಿಯಲು ಇದೇ ಕಾರಣ ಎಂಬ ದೂರು ಬಲವಾಗಿತ್ತು. 1933ರಲ್ಲಿ ನಿಷೇಧ ತೆಗೆದಾಗ, ತಯಾರಿಸುವವನು, ಹಂಚುವವನು, ಮಾರುವವನು ಬೇರೆ ಬೇರೆ ಇರಬೇಕು ಎಂಬ ಮೂರು ಹಂತದ ಪದ್ಧತಿಯನ್ನು ಹೆಚ್ಚಿನ ರಾಜ್ಯಗಳು ತಂದವು.

ಕಾನೂನು ಮಾಡಿದವರ ತಲೆಯಲ್ಲಿ ಪೀಪಾಯಿ ಇದ್ದಿರಲಿಕ್ಕಿಲ್ಲ. ಆದರೆ ಪೆಟ್ಟು ಬಿದ್ದದ್ದು ಅದಕ್ಕೂ. ಈಗ ಬ್ರೂವರಿಯಿಂದ ಹೊರಟ ಪೀಪಾಯಿ ಮೊದಲು ಹಂಚುವವನ ಗೋಡೌನಿಗೆ, ಅಲ್ಲಿಂದ ಪಬ್ಬಿಗೆ. ಖಾಲಿಯಾದ ಮೇಲೆ ಅದೇ ಎರಡು ಕೈ ದಾಟಿ ವಾಪಸ್ ಬರಬೇಕು. ಪೀಪಾಯಿ ಮಾತ್ರ ಬ್ರೂವರಿಯದು, ದಾರಿಯಲ್ಲಿರುವ ಎರಡು ಕೈಯೂ ಬೇರೆಯವರದು. ನಮ್ಮ ಅಂದಾಜಿನಲ್ಲಿ ಬಾಡಿಗೆಯೋ ಖರೀದಿಯೋ ಎಂಬ ಇವತ್ತಿನ ತಲೆನೋವಿನ ಬೇರು ಇಲ್ಲಿದೆ.

ಅದೇ ಹೊತ್ತಿಗೆ ಮರ ಹೋಗಿ ಲೋಹ ಬಂತು. ಫೈರ್‌ಸ್ಟೋನ್ ಎಂದರೆ ನಮಗೆ ಟೈರು ನೆನಪಾಗುತ್ತದೆ; ಅದೇ ಗುಂಪಿನ ಕಂಪನಿ ಸ್ಟೀಲಿನ ಬಿಯರ್ ಪೀಪಾಯಿಗಳನ್ನೂ ಮಾಡಿ ಮಾರಿತು. ಇಂಗ್ಲೆಂಡಿನಲ್ಲಿ ವಾಟ್ನಿ ಕಂಪನಿ 1930ರ ದಶಕದಲ್ಲಿ ಪಾಶ್ಚರೀಕರಿಸಿದ ಬಿಯರನ್ನು ಲೋಹದ ಪೀಪಾಯಿಗೆ ತುಂಬಿ ನೋಡಿತು. ಈ ಬಿಯರಿಗೆ ರುಚಿಯಿಲ್ಲ, ಮರದ ಕಾಲದ ಪದ್ಧತಿಯೇ ಸರಿ ಎಂದು 1971ರಲ್ಲಿ ಕಾಮ್ರಾ ಎಂಬ ಗ್ರಾಹಕರ ಸಂಘಟನೆಯೇ ಹುಟ್ಟಿತು. ಆ ಜಗಳ ಇನ್ನೂ ಮುಗಿದಿಲ್ಲ, ನಮಗೆ ಅದು ಬೇಡ.

ಇಂದಿನ ಕೆಗ್ ಹೀಗಿದೆ. ಅಮೆರಿಕದ ಹಾಫ್ ಬ್ಯಾರೆಲ್ ಕೆಗ್ ಹಿಡಿಯುವುದು ಸುಮಾರು 58.7 ಲೀಟರ್. ಖಾಲಿ ತೂಕ ಹದಿಮೂರು ಹದಿನಾಲ್ಕು ಕೆ.ಜಿ., ತುಂಬಿದರೆ 70 ದಾಟುತ್ತದೆ, ಅಂದರೆ 50 ಕೆ.ಜಿ.ಯ ಸಿಮೆಂಟ್ ಮೂಟೆಗಿಂತ ಭಾರ. ಒಳಗೆ ತಳದವರೆಗೆ ಇಳಿದ ಒಂದು ಕೊಳವೆ, ಬಾಯಲ್ಲಿ ಒಂದೇ ವಾಲ್ವು. ಅದೇ ವಾಲ್ವಿನಿಂದ ಗ್ಯಾಸ್ ಒಳಗೆ ಹೋಗಿ ಬಿಯರನ್ನು ಕೊಳವೆಯ ಮೂಲಕ ಮೇಲಕ್ಕೆ ತಳ್ಳುತ್ತದೆ. ವಾಪಸ್ ಬಂದದ್ದನ್ನು ಬಾಯಿ ಕೆಳಗೆ ಮಾಡಿ, ಕಾಸ್ಟಿಕ್ ದ್ರಾವಣ ಮತ್ತು ಬಿಸಿ ಹಬೆಯಲ್ಲಿ ತೊಳೆದು ಮತ್ತೆ ತುಂಬುತ್ತಾರೆ. ಸರಿಯಾಗಿ ನೋಡಿಕೊಂಡರೆ ಒಂದು ಕೆಗ್ ಇಪ್ಪತ್ತು ವರ್ಷ ದಾಟಿ ಬಾಳುತ್ತದೆ. ಮಗ ಹುಟ್ಟಿದಾಗ ಕೊಂಡ ಕೆಗ್ ಅವನ ಮದುವೆಗೂ ಇರುತ್ತದೆ, ಯಾರೂ ಕದಿಯದಿದ್ದರೆ.

ಈಗ ಸಣ್ಣವರ ಕಡೆ ಬರೋಣ. 1970ರ ದಶಕದ ಕೊನೆಗೆ ಇಡೀ ಅಮೆರಿಕದಲ್ಲಿ ಉಳಿದಿದ್ದ ಬ್ರೂವರಿಗಳು ನೂರಕ್ಕೂ ಕಡಿಮೆ. ಎಲ್ಲ ದೊಡ್ಡ ಕಂಪನಿಗಳ ಪಾಲಾಗಿತ್ತು. 1976ರಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ ಜ್ಯಾಕ್ ಮೆಕಾಲಿಫ್ ಎಂಬಾತ ನ್ಯೂ ಆಲ್ಬಿಯನ್ ಎಂಬ ಪುಟ್ಟ ಬ್ರೂವರಿ ತೆಗೆದ. ಅಷ್ಟು ಸಣ್ಣ ಬ್ರೂವರಿಗೆ ಬೇಕಾದ ಯಂತ್ರಗಳನ್ನು ಮಾಡುವವರೇ ಇರಲಿಲ್ಲ, ಕೈಯಲ್ಲಿ ದುಡ್ಡೂ ಇರಲಿಲ್ಲ. ಹಾಲಿನ ಡೇರಿಯಿಂದ ಬಿಸಾಡಿದ ಸ್ಟೀಲ್ ಪಾತ್ರೆಗಳು, ತಂಪು ಪಾನೀಯದ ಸಕ್ಕರೆ ಪಾಕ ಬರುತ್ತಿದ್ದ ಡ್ರಮ್ಮುಗಳು, ಇವನ್ನೇ ತಂದು ಬೆಸುಗೆ ಹಾಕಿ ಬಿಯರ್ ಮಾಡಿದ. ನಮ್ಮೂರ ಡೇರಿಯ ಹಳೆಯ ಹಾಲಿನ ಟ್ಯಾಂಕಿನಲ್ಲಿ ಯಾರೋ ಹೊಸ ಉದ್ಯೋಗ ಶುರು ಮಾಡಿದ ಹಾಗೆ. 1982ಕ್ಕೆ ಬಾಗಿಲು ಹಾಕಬೇಕಾಯಿತು. ಅಷ್ಟರಲ್ಲಿ ಅವನನ್ನು ನೋಡಿ ಬೇರೆಯವರು ಕಲಿತಿದ್ದರು. 1980ರಲ್ಲಿ ಶುರುವಾದ ಸಿಯೆರಾ ನೆವಾಡಾ ಕೂಡ ಡೇರಿಯ ಹಳೆಯ ಟ್ಯಾಂಕುಗಳಿಂದಲೇ ಎದ್ದದ್ದು. ಇಂದು ಅಮೆರಿಕದಲ್ಲಿ 9,000ಕ್ಕೂ ಹೆಚ್ಚು ಬ್ರೂವರಿಗಳಿವೆ.

ಸಣ್ಣವರಿಗೆ ಬಾಟಲಿ ತುಂಬುವ ಯಂತ್ರ ದುಬಾರಿ. ಹಾಗಾಗಿ ಸಿಯಾಟಲ್‌ನ ರೆಡ್‌ಹುಕ್‌ನಂಥವರು ಮೊದಲು ಕೆಗ್‌ನಲ್ಲಷ್ಟೇ ಮಾರಿದರು. ಬಾಟಲಿ ಯಂತ್ರದ ಖರ್ಚು ಉಳಿಯಿತು ಅಂದುಕೊಳ್ಳುವಷ್ಟರಲ್ಲಿ ಕೆಗ್‌ನ ಖರ್ಚು ಎದುರು ನಿಲ್ಲುತ್ತದೆ. ಎಷ್ಟು ಕೆಗ್ ಬೇಕು? ಒಂದು ಪಬ್ಬಿನ ಒಂದು ನಲ್ಲಿಗೆ ಒಂದೇ ಕೆಗ್ ಸಾಕು ಅನ್ನಿಸಬಹುದು. ಹಾಗಲ್ಲ. ಒಂದು ನಲ್ಲಿಗೆ ಜೋಡಿಸಿರುತ್ತದೆ, ಇನ್ನೊಂದು ಪಕ್ಕದ ತಣ್ಣನೆ ಕೋಣೆಯಲ್ಲಿ ಸರದಿ ಕಾಯುತ್ತದೆ, ಮೂರನೆಯದು ಖಾಲಿಯಾಗಿ ಹಂಚುವವನ ಗೋಡೌನಿನಲ್ಲಿ ಬಿದ್ದಿರುತ್ತದೆ, ನಾಲ್ಕನೆಯದು ಬ್ರೂವರಿಯಲ್ಲಿ ತೊಳೆಸಿಕೊಳ್ಳುತ್ತಿರುತ್ತದೆ. ಊರಿಗೊಂದೇ ಕುದುರೆ ಸಾಲದು, ದಾರಿಯುದ್ದಕ್ಕೂ ಕುದುರೆ ಬೇಕು.

ಲೆಕ್ಕ ಅರ್ಥವಾಗಲಿ ಎಂದು ನಾವೇ ಕೆಲವು ಅಂಕಿ ಹಿಡಿದು ನೋಡಿದೆವು. ಹೊಸ ಕೆಗ್‌ಗೆ 120 ಡಾಲರ್ ಎಂದಿಟ್ಟುಕೊಳ್ಳಿ. 50 ಪಬ್, ಪ್ರತಿ ಪಬ್ಬಿನಲ್ಲಿ ಒಂದು ನಲ್ಲಿ, ನಲ್ಲಿಗೆ ನಾಲ್ಕು ಕೆಗ್. ಒಟ್ಟು 200 ಕೆಗ್, 24,000 ಡಾಲರ್. ಇಂದಿನ ರೂಪಾಯಿಯಲ್ಲಿ 20 ಲಕ್ಷ ದಾಟುತ್ತದೆ. ಒಂದು ಲೋಟ ಬಿಯರ್ ಮಾರುವ ಮೊದಲೇ ಇಷ್ಟು ದುಡ್ಡು ಖಾಲಿ ಡಬ್ಬಗಳಿಗೆ.

ಇಲ್ಲಿ ಬಾಡಿಗೆಯವರು ಬಾಗಿಲು ತಟ್ಟುತ್ತಾರೆ. ಲೀಸ್ ಎಂದ ಕೂಡಲೇ ನಮ್ಮ ಪಟ್ಟಣಗಳ ಮನೆ ಲೀಸ್ ನೆನೆಯಬೇಡಿ. ಒಟ್ಟಿಗೆ ದುಡ್ಡು ಕೊಟ್ಟು, ಬಿಡುವಾಗ ವಾಪಸ್ ಪಡೆಯುವ ಪದ್ಧತಿ ಅಲ್ಲ ಇದು. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ತಿಂಗಳು ತಿಂಗಳು ಕಂತು ಕಟ್ಟುತ್ತಾ ಹೋಗಿ, ಮೂರೋ ಐದೋ ವರ್ಷಕ್ಕೆ ಕೆಗ್ ನಿಮ್ಮದೇ ಆಗುವುದು. ಟ್ರ್ಯಾಕ್ಟರ್ ಸಾಲ ತೀರಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು, ಪ್ರತಿ ಸಲ ತುಂಬಿದಾಗ ಇಷ್ಟು ಎಂದು ಕಟ್ಟುವುದು. ಕೆಗ್ ಯಾವತ್ತೂ ನಿಮ್ಮದಾಗುವುದಿಲ್ಲ.

ಎರಡನೇ ಬಗೆಯದೇ ಹೆಚ್ಚು ಸ್ವಾರಸ್ಯದ ಕಥೆ. 1996ರಲ್ಲಿ ಕೊಲರಾಡೋದಲ್ಲಿ ಮೈಕ್ರೋಸ್ಟಾರ್ ಎಂಬ ಕಂಪನಿ ಇದನ್ನು ಶುರು ಮಾಡಿತು. ಅದು ಹಿಡಿದ ಗಂಟು ದೂರದ್ದು. ಕ್ಯಾಲಿಫೋರ್ನಿಯಾದ ಬಿಯರ್ ನ್ಯೂಯಾರ್ಕಿನಲ್ಲಿ ಮಾರಾಟವಾದರೆ, ಖಾಲಿ ಕೆಗ್ 4,000 ಕಿಲೋಮೀಟರಿಗೂ ಹೆಚ್ಚು ದೂರ ವಾಪಸ್ ಬರಬೇಕು. ಗಾಳಿ ತುಂಬಿದ ಡಬ್ಬಕ್ಕೆ ಲಾರಿ ಬಾಡಿಗೆ! ಹೆಸರು ಕೆತ್ತದ ಕೆಗ್ ಆದರೆ ಈ ಕಷ್ಟ ಇಲ್ಲ. ನ್ಯೂಯಾರ್ಕಿನಲ್ಲಿ ಖಾಲಿಯಾದದ್ದನ್ನು ಅಲ್ಲೇ ಹತ್ತಿರದ ಇನ್ನೊಂದು ಬ್ರೂವರಿಗೆ ಕೊಟ್ಟರಾಯಿತು. ಕ್ಯಾಲಿಫೋರ್ನಿಯಾದವನಿಗೆ ಅವನ ಹತ್ತಿರ ಖಾಲಿಯಾದ ಬೇರೆ ಕೆಗ್. ಎಲ್ಲರ ಕೆಗ್ಗೂ ಒಂದೇ ರೂಪ, ಒಡೆಯ ಒಬ್ಬನೇ. ನಮ್ಮ ಗ್ಯಾಸ್ ಸಿಲಿಂಡರೂ ಹೀಗೇ ಅಲ್ಲವೇ? ಖಾಲಿ ಕೊಟ್ಟ ಸಿಲಿಂಡರೇ ತುಂಬಿ ಬರಲಿ ಎಂದು ಯಾರೂ ಕಾಯುವುದಿಲ್ಲ. ಊರ ದೇವಸ್ಥಾನದ ಅಡುಗೆ ಪಾತ್ರೆಗಳು ಮನೆಯಿಂದ ಮನೆಗೆ ತಿರುಗುವುದೂ ಇದೇ ಲೆಕ್ಕ.

ಈ ಹಂಚಿಕೆಯ ಲೆಕ್ಕಕ್ಕೆ ಇನ್ನೂ ಹಳೆಯ ಬೇರೊಂದು ಆಸ್ಟ್ರೇಲಿಯಾದಲ್ಲಿದೆ. ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದ ಸೈನ್ಯ ಸಾಮಾನು ಹೇರುವ ಮರದ ಹಲಗೆಯ ಅಡಿಗಳನ್ನು, ಅಂದರೆ ಪ್ಯಾಲೆಟ್‌ಗಳನ್ನು, ಅಲ್ಲೇ ಬಿಟ್ಟು ಹೋಯಿತು. ಸರ್ಕಾರ ಅವನ್ನು ಒಂದೆಡೆ ಸೇರಿಸಿ ಬೇಕಾದವರಿಗೆ ಬಳಸಲು ಕೊಟ್ಟಿತು. 1958ರಲ್ಲಿ ಬ್ರಾಂಬಲ್ಸ್ ಎಂಬ ಕಂಪನಿ ಆ ವ್ಯವಹಾರ ಕೊಂಡು ಪ್ರಪಂಚದಲ್ಲೆಲ್ಲ ಹಬ್ಬಿಸಿತು. ಅದೇ ಬ್ರಾಂಬಲ್ಸ್ ಮುಂದೆ ಕೆಗ್‌ಸ್ಟಾರ್ ಎಂಬ ಕೆಗ್ ಬಾಡಿಗೆ ಕಂಪನಿಯನ್ನೂ ನಡೆಸಿತು. ಕೊನೆಗೆ ಅದು ಮೈಕ್ರೋಸ್ಟಾರ್ ಕೈಗೇ ಹೋಯಿತು.

ಹಾಗಾದರೆ ಯಾವುದು ಅಗ್ಗ? ಮತ್ತೆ ನಮ್ಮ ಅಂಕಿಗೇ ಬರೋಣ. ಒಂದು ಸಲ ತುಂಬಲು 12 ಡಾಲರ್ ಬಾಡಿಗೆ ಎಂದುಕೊಳ್ಳಿ. ಕೆಗ್ ವರ್ಷಕ್ಕೆ ಐದು ಸಲ ಹೋಗಿ ಬಂದರೆ 60 ಡಾಲರ್. ಎರಡೇ ವರ್ಷದಲ್ಲಿ ಹೊಸ ಕೆಗ್‌ನ ಬೆಲೆ ಕಟ್ಟಿದಂತಾಯಿತು, ಕೈಯಲ್ಲಿ ಮಾತ್ರ ಏನೂ ಉಳಿದಿಲ್ಲ. ವರ್ಷಕ್ಕೆ ಎರಡೇ ಸಲ ತಿರುಗಿದರೆ 24 ಡಾಲರ್, ಆಗ 120 ಮುಟ್ಟಲು ಐದು ವರ್ಷ. ಅಂದರೆ ಹತ್ತಿರದಲ್ಲೇ ಮಾರಿ ಬೇಗ ಬೇಗ ವಾಪಸ್ ತರುವವನಿಗೆ ಸ್ವಂತದ್ದೇ ಲಾಭ. ದೂರ ಕಳಿಸಿ ತಿಂಗಳುಗಟ್ಟಲೆ ಕಾಯುವವನಿಗೆ ಬಾಡಿಗೆ ಮೇಲು. ಕೆಗ್ ಎಷ್ಟು ಬೆಲೆಯದು ಎನ್ನುವುದಕ್ಕಿಂತ ಎಷ್ಟು ದಿನಕ್ಕೆ ಮನೆಗೆ ಬರುತ್ತದೆ ಎನ್ನುವುದೇ ಇದನ್ನು ತೀರ್ಮಾನಿಸುತ್ತದೆ. ಹೊಸದಾಗಿ ಶುರು ಮಾಡುವವರು ಕೆಗ್‌ನ ರೇಟು ಕೇಳಿಕೊಂಡು ಬರುತ್ತಾರೆ, ದಿನದ ಲೆಕ್ಕ ಬರೆದಿಡುವವರು ಕಡಿಮೆ. ಡೇರಿಗೆ ಹಾಲು ಹಾಕುವ ನಮ್ಮವರು ಹಸುವಿನ ರೇಟು ಹೇಳಿ, ಮೇವಿನ ಖರ್ಚು ಮರೆಯುವ ಹಾಗೆ.

ಸ್ವಂತ ಕೆಗ್ ಇಟ್ಟುಕೊಂಡವರಿಗೆ ಇನ್ನೊಂದು ಭಯ, ಕಳವು. 200 ಕೆಗ್‌ನಲ್ಲಿ ವರ್ಷಕ್ಕೆ ನೂರಕ್ಕೆ ಐದು ಕಾಣೆಯಾದರೂ ಐದು ವರ್ಷಕ್ಕೆ ಸುಮಾರು 45 ಕೆಗ್ ಇಲ್ಲ. ಕೆಗ್ ಕೊಡುವಾಗ ಡಿಪಾಸಿಟ್ ಹಿಡಿಯುತ್ತಿದ್ದರು ನಿಜ, ಆದರೆ ಅಮೆರಿಕದಲ್ಲಿ ಬಹುಕಾಲ ಅದು ಹತ್ತು ಡಾಲರ್ ಆಸುಪಾಸಿನಲ್ಲೇ ಇತ್ತು. ನೂರು ಡಾಲರಿಗೂ ಮೀರಿದ ವಸ್ತುವಿಗೆ ಹತ್ತು ಡಾಲರ್ ಡಿಪಾಸಿಟ್! ವಾಪಸ್ ಕೊಡದೆ ಮೇಲ್ಭಾಗ ಕತ್ತರಿಸಿ ಒಲೆಯ ಮೇಲಿಟ್ಟವರು ಎಷ್ಟೋ ಜನ. ಡಾಂಬರಿನ ಡ್ರಮ್ಮು ನಮ್ಮಲ್ಲಿ ಬಚ್ಚಲ ನೀರು ಕಾಯಿಸಲು ಬಂದ ಹಾಗೆ.

2007ರಲ್ಲಿ ಪರಿಸ್ಥಿತಿ ಕೆಟ್ಟಿತು. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ನೂರಕ್ಕೆ ಎಂಟರಷ್ಟು ನಿಕ್ಕಲ್ ಇರುತ್ತದೆ. ಆ ವರ್ಷ ಮೇ ತಿಂಗಳಲ್ಲಿ ನಿಕ್ಕಲ್ ಬೆಲೆ ಟನ್ನಿಗೆ 50,000 ಡಾಲರ್ ದಾಟಿತ್ತು. ಒಂದು ಕೆಗ್‌ನಲ್ಲಿ ಸುಮಾರು ಒಂದು ಕೆ.ಜಿ. ನಿಕ್ಕಲ್, ಅಂದರೆ ಆ ಲೋಹ ಒಂದರದ್ದೇ 50 ಡಾಲರ್. ಗುಜರಿಯವರು ಅಷ್ಟನ್ನು ಕೊಡುವುದಿಲ್ಲ, ಆದರೂ ಡಿಪಾಸಿಟ್ಟಿಗಿಂತ ಹೆಚ್ಚೇ ಸಿಗುತ್ತಿತ್ತು. ಪಬ್ಬುಗಳ ಹಿಂದೆ ಇಟ್ಟ ಖಾಲಿ ಕೆಗ್‌ಗಳು ರಾತ್ರೋರಾತ್ರಿ ಗುಜರಿಗೆ ಹೋದವು. ನಮ್ಮಲ್ಲಿ ಪಂಪ್‌ಸೆಟ್ಟಿನ ತಾಮ್ರದ ತಂತಿ ಹೋಗುವ ಹಾಗೆಯೇ. ಡಿಪಾಸಿಟ್ ಮೂವತ್ತು ಡಾಲರಿಗೆ ಏರಿತು. ಮಾರುವವನದೇ ಎಂಬುದಕ್ಕೆ ಪುರಾವೆ ಇಲ್ಲದೆ ಕೆಗ್ ಕೊಳ್ಳಬಾರದು ಎಂದು ಹಲವು ರಾಜ್ಯಗಳು ಗುಜರಿಯವರಿಗೆ ಕಾನೂನು ಮಾಡಿದವು.

ಇಷ್ಟೆಲ್ಲ ಕೇಳಿ ಬಾಡಿಗೆಯೇ ನೆಮ್ಮದಿ ಅನ್ನಿಸಿದರೆ, ಇಂಗ್ಲೆಂಡಿನ ಈ ಘಟನೆಯನ್ನೂ ಕೇಳಬೇಕು. 2002ರ ಸುಮಾರಿಗೆ ಅಲ್ಲಿಯ ದೊಡ್ಡ ಬ್ರೂವರಿಗಳು ತಮ್ಮ ಲಕ್ಷಗಟ್ಟಲೆ ಪೀಪಾಯಿಗಳನ್ನು ಟ್ರೆನ್‌ಸ್ಟಾರ್ ಎಂಬ ಕಂಪನಿಗೆ ಮಾರಿ, ಅವನ್ನೇ ಬಾಡಿಗೆಗೆ ತೆಗೆದುಕೊಂಡವು. ಸ್ವಂತ ಹೊಲ ಮಾರಿ ಅದೇ ಹೊಲವನ್ನು ಗೇಣಿಗೆ ಮಾಡಿದಂತೆ. ಪ್ರತಿ ಪೀಪಾಯಿಗೆ ಎಲೆಕ್ಟ್ರಾನಿಕ್ ಚೀಟಿ ಅಂಟಿಸಿ ಎಲ್ಲಿದೆ ಎಂದು ಪತ್ತೆ ಇಡುವ ಯೋಜನೆ. ಕೆಲವೇ ವರ್ಷಕ್ಕೆ ಟ್ರೆನ್‌ಸ್ಟಾರ್‌ಗೆ ತನ್ನ ಸಾಲ ಕಟ್ಟಲಾಗಲಿಲ್ಲ. ಪೀಪಾಯಿಗಳು ಸಾಲ ಕೊಟ್ಟವರ ಹಿಡಿತಕ್ಕೆ ಬಂದವು. ಅವು ಇಲ್ಲದೆ ಬಿಯರ್ ಹೊರಗೆ ಹೋಗುವಂತಿಲ್ಲ. 2006ರ ಕೊನೆಗೆ ಕೂರ್ಸ್ ಕಂಪನಿಯ ಇಂಗ್ಲೆಂಡ್ ಘಟಕ ಒಂದು ಕಾಲಕ್ಕೆ ತನ್ನದೇ ಆಗಿದ್ದ ಪೀಪಾಯಿಗಳನ್ನು ಮತ್ತೆ ತನ್ನ ಕೈಗೆ ತೆಗೆದುಕೊಳ್ಳಬೇಕಾಯಿತು. ಕೂರ್ಸ್‌ಗೆ ಅದನ್ನು ಭರಿಸುವ ಶಕ್ತಿ ಇತ್ತು. 200 ಕೆಗ್‌ನ ಬ್ರೂವರಿಗೆ ಅಂಥ ಸ್ಥಿತಿ ಬಂದರೆ ಯಾರ ಬಾಗಿಲಿಗೆ ಹೋಗಬೇಕು?

2020ರ ಮಾರ್ಚಿನಲ್ಲಿ ಕೊರೊನಾ ಬಂದು ಪಬ್ಬುಗಳು ಮುಚ್ಚಿದಾಗ ಇನ್ನೊಂದು ಪರೀಕ್ಷೆ ನಡೆಯಿತು. ತುಂಬಿದ ಕೆಗ್‌ಗಳು ಇದ್ದಲ್ಲೇ ಸಿಕ್ಕಿಕೊಂಡವು, ಬಿಯರ್ ಹಳಸಿ ಚರಂಡಿ ಸೇರಿತು. ತಿಂಗಳ ಕಂತಿನ ಲೀಸ್‌ನಲ್ಲಿ ಕೆಗ್ ಸುಮ್ಮನೆ ಬಿದ್ದಿದ್ದರೂ ಕಂತು ಬೀಳುತ್ತದೆ. ಸಾಲ ಮಾಡಿ ಕೊಂಡವನಿಗೆ ಬಡ್ಡಿ ಬೀಳುತ್ತದೆ. ತುಂಬಿದಾಗಷ್ಟೇ ಕಟ್ಟುವವನು, ತುಂಬದಿದ್ದರೆ ಕಟ್ಟುವುದಿಲ್ಲ. ಅಂಥ ತಿಂಗಳುಗಳಲ್ಲಿ ಮೊದಲು ದುಬಾರಿ ಅನ್ನಿಸಿದ ದಾರಿಯೇ ಹಗುರಾಗಿ ಕಾಣುತ್ತದೆ.

ಮೂರನೇ ದಾರಿಯೊಂದೂ ಬಂದಿದೆ. ಒಮ್ಮೆ ಬಳಸಿ ಬಿಡುವ ಪ್ಲಾಸ್ಟಿಕ್ ಕೆಗ್. ವಾಪಸ್ ಬರುವ ಮಾತೇ ಇಲ್ಲ. ದೂರದ ದೇಶಕ್ಕೆ ಕಳಿಸುವವರಿಗೆ ಅನುಕೂಲ. ಕಸ ಯಾರು ಎತ್ತಬೇಕು ಎಂಬುದು ಮಾತ್ರ ಪ್ರತಿ ಊರಿನ ಪಾಲಿಗೆ ಬಿದ್ದ ಪ್ರಶ್ನೆ. ನಮಗೆ ಇದು ಅಷ್ಟಾಗಿ ಹಿಡಿಸಲಿಲ್ಲ.

ಅನುಭವ ಇರುವ ಸಣ್ಣ ಬ್ರೂವರಿಗಳು ಎರಡನ್ನೂ ಬೆರೆಸುತ್ತವೆ. ತಮ್ಮದೇ ವ್ಯಾನು ಹೋಗಿ ಬರುವಷ್ಟು ದೂರದ ಪಬ್ಬುಗಳಿಗೆ ಹೆಸರು ಕೆತ್ತಿದ ಸ್ವಂತ ಕೆಗ್, ಅದರಾಚೆಗೆ ಬಾಡಿಗೆಯದು. ಹಳೆಯ ಕುದುರೆ ಗಾಡಿಯ ಲೆಕ್ಕವೇ ಇದು.

ನಮ್ಮ ಹುಡುಗನ ಬ್ರೂವರಿಗೆ ಮಾತ್ರ ಈ ಗೋಜು ಅಷ್ಟಿಲ್ಲ. ಕರ್ನಾಟಕದಲ್ಲಿ 2010-11ರ ಹೊತ್ತಿಗೆ ಮೈಕ್ರೋಬ್ರೂವರಿಗಳು ಶುರುವಾದಾಗ, ತಯಾರಿಸಿದ ಜಾಗದಲ್ಲೇ ಮಾರಬೇಕು ಎಂಬ ನಿಯಮದ ಮೇಲೆ ಅನುಮತಿ ಸಿಕ್ಕಿತು. ಹಾಗಾಗಿ ಅಲ್ಲಿಯ ಕೆಗ್ ಹೆಚ್ಚೆಂದರೆ ಕೆಳಗಿನ ಮಹಡಿಯಿಂದ ಮೇಲಿನ ಮಹಡಿಗೆ ಹೋಗುತ್ತದೆ. "ಮತ್ತೆ ನಿನ್ನ ಚಿಂತೆ ಏನಪ್ಪಾ?" ಎಂದು ಫೋನ್ ಮಾಡಿ ಕೇಳಿದೆವು. "ಲಿಫ್ಟ್ ಕೆಟ್ಟಿದೆ ಅಣ್ಣ, ಮೂರು ಮಹಡಿ ಹೊರುವವನು ನಾನು" ಎಂದ.